ಪಂಚಾಮೃತ ಅಭಿಷೇಕ: ತುಪ್ಪ ಬಿಡಿಸುವುದೇ ದೊಡ್ಡ ಕೆಲಸ

ಧನುರ್ಮಾಸದ ಚಳಿಯಲ್ಲಿ ಹಾಸನ, ಸಕಲೇಶಪುರದ ಕಡೆ ಯಾರ ಮನೆಯ ಪೂಜೆಗೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ: ಅಲಂಕಾರವೆಲ್ಲ ಮುಗಿದಿದೆ, ದೇವರ ಕಿವಿಯ ಹಿಂದೆ, ಪ್ರಭಾವಳಿಯ ಸಂದಿಯಲ್ಲಿ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿ ಕೂತಿದೆ. ಮಾರನೇ ದಿನ ಅಲ್ಲಿಗೆ ಇರುವೆ ಸಾಲು. ಸ್ನಾನ ಮಾಡಿಸಿದ ಮೇಲೆ ದೇವರ ಮೈ ಶುಚಿಯಾಗಿರಬೇಡವೇ?

ಮೊದಲು ಬೆಳ್ಳಿ ಅಥವಾ ಸ್ಟೀಲಿನ ಎರಡು ತಟ್ಟೆ ತೆಗೆದಿಟ್ಟುಕೊಳ್ಳಿ. ತಾಮ್ರ, ಹಿತ್ತಾಳೆ ಬೇಡ. ಮೊಸರಿನ ಹುಳಿಗೆ ಕಿಲುಬು ಬಿಡುತ್ತದೆ, ಅದೇ ತೀರ್ಥವಾಗಿ ಮಕ್ಕಳ ಅಂಗೈಗೆ ಬರುತ್ತದೆ. 'ದೀಪದ ತುಪ್ಪ' ಎಂದು ಅಗ್ಗಕ್ಕೆ ಮಾರುವ ಡಬ್ಬಿಯನ್ನಂತೂ ಅಭಿಷೇಕಕ್ಕೆ ತರಲೇಬೇಡಿ. ನೀವು ಅನ್ನಕ್ಕೆ ಹಾಕಿಕೊಳ್ಳುವ ತುಪ್ಪವೇ ದೇವರಿಗೂ ಆಗಬೇಕು.

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಕ್ರಮ ಇದೇ. ಹಾಲಿಗೆ 'ಆಪ್ಯಾಯಸ್ವ', ಮೊಸರಿಗೆ 'ದಧಿಕ್ರಾವ್ಣೋ', ಜೇನಿಗೆ 'ಮಧುವಾತಾ'. ಮಂತ್ರ ಬಾರದಿದ್ದರೆ ನಾಮಸ್ಮರಣೆ ಸಾಕು. ಆದರೆ ಒಂದೊಂದಾದ ಮೇಲೂ ಶುದ್ಧೋದಕ, ಅಂದರೆ ಬರೀ ಶುದ್ಧ ನೀರು, ಎರೆಯಲೇಬೇಕು. ಐದನ್ನೂ ಒಂದೇ ಲೋಟದಲ್ಲಿ ಕಲಸಿ ಸುರಿದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ನೀರೆರೆಯುವಾಗ ಕೆಳಗಿನ ತಟ್ಟೆ ಬದಲಿಸಿ, ಪಂಚಾಮೃತ ನೀರಾಗುವುದಿಲ್ಲ.

ಈಗ ತುಪ್ಪ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಅರ್ಧ ಚಮಚ ಮಾತ್ರ ಹಾಕಿ. ಆಮೇಲಿನ ನೀರು ಉಗುರುಬೆಚ್ಚಗಿರಲಿ. ತಣ್ಣೀರು ಬಿದ್ದರೆ ತುಪ್ಪ ಅಲ್ಲಲ್ಲೇ ಗಟ್ಟಿಯಾಗುತ್ತದೆ. ಜೇನಾದ ಮೇಲೆ ಸಕ್ಕರೆಯನ್ನು ಬರೀ ಉದುರಿಸಬೇಡಿ. ಪುಡಿ ಮಾಡಿ, ಬೆರಳ ತುದಿಯಿಂದ ಮೈಯೆಲ್ಲ ಮೃದುವಾಗಿ ಸವರಿ, ಅರ್ಧ ಜಿಡ್ಡು ಅದರಲ್ಲೇ ಹೋಗುತ್ತದೆ. ಉಳಿದದ್ದಕ್ಕೆ ನೀರಾಗಿ ಕಲಸಿದ ಕಡಲೆಹಿಟ್ಟು. ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಕಿರೀಟದ ಅಂಚು, ಕಂಕುಳು, ಪೀಠದ ಸಂದಿಗೆ ತೂರಿಸಿ ಒರೆಸಿ, ಎರಡು ಸಲ ಬೆಚ್ಚನೆ ನೀರು ಬಿಡಿ. ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಜಾರಿದರೆ ಇನ್ನೊಂದು ಸಲ. ಬ್ರಷ್ಷು, ಪಾತ್ರೆ ತೊಳೆಯುವ ಸೋಪು ದೇವರ ಹತ್ತಿರ ಸುಳಿಯಬಾರದು. ಬೇಲೂರಿನಿಂದ ತಂದ ಬಳಪದ ಕಲ್ಲಿನ ವಿಗ್ರಹವಾದರೆ ಉಜ್ಜಲೇಬೇಡಿ. 1117ರ ಚೆನ್ನಕೇಶವ ಗುಡಿಯಲ್ಲಿ ಅಷ್ಟು ನವಿರು ಕೆತ್ತನೆ ಸಾಧ್ಯವಾದದ್ದೇ ಆ ಜಾತಿಯ ಕಲ್ಲು ಮೆದುವೆಂದು. ಉಜ್ಜಿದರೆ ಕಣ್ಣು ಮೂಗೇ ಸವೆಯುತ್ತವೆ.

ಬಳಿಕ ಎಳನೀರು, ಕೊನೆಯ ಶುದ್ಧೋದಕ. ಮಣ್ಣಿನ ಗಣಪನಿಗೆ ಇದಾವುದೂ ಇಲ್ಲ, ಹೂವಿನಿಂದ ಪ್ರೋಕ್ಷಣೆ ಮಾಡಿದರಾಯಿತು.

ಹಳೆಯ ಮಡಿಪಂಚೆಯ ತುಂಡಿನಲ್ಲಿ ಒರೆಸಿ. ಪೀಠ ಟೊಳ್ಳಾಗಿದ್ದರೆ ಓರೆ ಮಾಡಿ ಒಳಗಿನ ನೀರು ಬಸಿಯಿರಿ. ಪೂರ್ತಿ ಆರದೆ ಗಂಧ ಇಟ್ಟರೆ ಇಳಿದು ಬರುತ್ತದೆ. ತೊಳೆದ ನೀರನ್ನು ದಾಸವಾಳದ ಬುಡಕ್ಕೆ ಹಾಕಿ. ತುಳಸಿಕಟ್ಟೆಗೆ ಬೇಡ, ಸಿಹಿಗೆ ಇರುವೆ ಮುತ್ತುತ್ತವೆ.