ಹೈ ವಾಲ್ ಬ್ಲಾಕ್ ಅರ್ಧಕ್ಕೇ ನಿಂತರೆ

ನನ್ನದು ಹಳೆಯ ವಿಂಚೆಸ್ಟರ್ 1885 ಹೈ ವಾಲ್ ರೈಫಲ್, ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ಒಂಟಿ ಗುಂಡಿನ ವಿನ್ಯಾಸ. ಲಿವರ್ ಎಳೆದರೆ ನಳಿಕೆಯ ಹಿಂಬದಿ ಮುಚ್ಚುವ ಉಕ್ಕಿನ ಬ್ಲಾಕ್ ಪೂರ್ತಿ ಕೆಳಗಿಳಿಯಬೇಕು. ಅರ್ಧಕ್ಕೇ ನಿಲ್ಲುತ್ತಿತ್ತು.

ಎಣ್ಣೆ ಬಿಟ್ಟೆ, ಸ್ಪ್ರೇ ಹೊಡೆದೆ. ಅಂಟು ಇನ್ನೂ ಜಾಸ್ತಿಯಾಯಿತು ಅಷ್ಟೇ.

ಬಿಚ್ಚಲೇಬೇಕು. ಚೇಂಬರ್, ಅಂದರೆ ಗುಂಡು ಕೂರುವ ಜಾಗ, ಖಾಲಿ ಇದೆಯಾ ಅಂತ ಮೊದಲು ನೋಡಿ. ನಳಿಕೆಯ ಕೆಳಗಿನ ಮರ ತೆಗೆದು, ಗುಂಡು ಸಿಡಿಸುವ ಹ್ಯಾಮರಿಗೆ ಬಲ ಕೊಡುವ ಮೇನ್‌ಸ್ಪ್ರಿಂಗ್ ಸ್ಕ್ರೂ ಸಡಿಲಿಸಿ, ಹಳೆಯ ಮಾದರಿಯಲ್ಲಿ ಚಪ್ಪಟೆ ಸ್ಪ್ರಿಂಗ್ ಅಲ್ಲೇ ಇರುತ್ತದೆ. ಆಮೇಲೆ ಲಿವರ್ ಪಿನ್ ತಡೆದಿರುವ ಚಿಕ್ಕ ಸ್ಕ್ರೂ, ಕೊನೆಗೆ ಪಿನ್. ಬ್ಲಾಕ್, ಹ್ಯಾಮರ್, ಲಿವರ್ ಮೂರೂ ಒಟ್ಟಿಗೆ ಕೆಳಗಿನಿಂದ ಈಚೆ ಬರುತ್ತವೆ. ಒಳಗೋಡೆಯಲ್ಲಿ ಒಣಗಿದ ಗ್ರೀಸ್ ಅರಗಿನ ಹಾಗೆ ಕೂತಿತ್ತು. ಬ್ಲಾಕನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿದೆ, ಗೋಡೆಗಳನ್ನು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದೆ. ಉಪ್ಪುಕಾಗದ ಮಾತ್ರ ಬೇಡ, ಸವೆದ ಬ್ಲಾಕ್ ಮತ್ತೆ ಬಿಗಿಯಾಗಲ್ಲ. ಒರೆಸಿ ಒಣಗಿಸಿ, ತೆಳ್ಳಗೆ ಒಂದೇ ಕೈ ಎಣ್ಣೆ ಸವರಿ, ಬಿಚ್ಚಿದ ಕ್ರಮವನ್ನೇ ತಿರುಗಿಸಿ ಜೋಡಿಸಿದೆ. ಈಗ ಬ್ಲಾಕ್ ಸರಾಗವಾಗಿ ಇಳಿಯುತ್ತದೆ.