ಎಂಜಿನ್ ಬಿಚ್ಚುವ ಮುನ್ನ ಕಂಪ್ರೆಷನ್ ನೋಡಿ

ಕಾರಿಗೆ ಪಿಕಪ್ ಇಲ್ಲ, ನಿಂತಲ್ಲೇ ನಡುಗುತ್ತದೆ, ಪ್ಲಗ್ ಬದಲಿಸಿದರೂ ಮಿಸ್ಸಿಂಗ್ ಹೋಗಿಲ್ಲ. ಹೀಗಿದ್ದಾಗ ಎಂಜಿನ್ ಬಿಚ್ಚಲು ಹೊರಡುವ ಮೊದಲು ಕಂಪ್ರೆಷನ್ ಅಳೆಯಿರಿ. ಪಿಸ್ಟನ್ ಮೇಲೇರಿದಾಗ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡದಲ್ಲಿ ಹಿಡಿದಿಡುತ್ತದೆ ಎಂಬುದೇ ಈ ಪರೀಕ್ಷೆ. ಪಿಸ್ಟನ್ ಸುತ್ತಲಿನ ರಿಂಗ್, ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ವಾಲ್ವ್, ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್, ಎಲ್ಲಿ ಸೋರಿದರೂ ಒತ್ತಡ ಅಳೆಯುವ ಗೇಜಿನ ಮುಳ್ಳು ತೋರಿಸಿಕೊಡುತ್ತದೆ. ಇಲ್ಲಿರುವುದು ಪೆಟ್ರೋಲ್ ಎಂಜಿನ್ ಕ್ರಮ. ಡೀಸೆಲ್‌ನಲ್ಲಿ ಒತ್ತಡ ಇದರ ಎರಡು ಪಟ್ಟಿಗೂ ಹೆಚ್ಚು, ಅದಕ್ಕೆ ಬೇರೆಯೇ ಗೇಜ್ ಬೇಕು.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಸೆಲ್ಫ್ ನಿಧಾನ ತಿರುಗಿದರೆ ಒಳ್ಳೆಯ ಎಂಜಿನ್ನೂ ಕಡಿಮೆ ತೋರಿಸುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಬಿಸಿಯಾದ ಮೇಲೆ, ಅದು ಓಡುತ್ತಿರುವಾಗಲೇ ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು, ತಾನಾಗಿ ನಿಲ್ಲಲು ಬಿಡಿ. ಮುಟ್ಟಲು ಆಗುವಷ್ಟು ಆರಿದ ಮೇಲೆ ಪ್ಲಗ್‌ಗೆ ಕೈ ಹಾಕಿ. ಕೆಂಡದಂತಿರುವ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ತೆಗೆದರೆ ಥ್ರೆಡ್ ಕಿತ್ತು ಬರಬಹುದು.

ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ಗಳ ಕನೆಕ್ಟರ್‌ಗಳನ್ನು ಕಳಚಿ, ಯಾವುದು ಎಲ್ಲಿಯದೆಂದು ಗುರುತು ಮಾಡಿ. ಪ್ಲಗ್ ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ. ಒಂದು ಮರಳಿನ ಕಣ ಒಳಗೆ ಬಿದ್ದರೂ ಬೋರ್‌ಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಗೀರು ಬೀಳುತ್ತದೆ. ಆಮೇಲೆ ಎಲ್ಲ ಪ್ಲಗ್‌ಗಳನ್ನೂ ತೆಗೆಯಿರಿ. ಒಂದೊಂದೇ ತೆಗೆದು ಅಳೆಯುವವರಿದ್ದಾರೆ. ಆಗ ಉಳಿದ ಸಿಲಿಂಡರ್‌ಗಳ ಭಾರಕ್ಕೆ ಸೆಲ್ಫ್ ಏದುಸಿರು ಬಿಡುತ್ತದೆ, ಲೆಕ್ಕ ತಪ್ಪುತ್ತದೆ.

ಗೇಜಿನ ಹೋಸನ್ನು ಮೊದಲ ಸಿಲಿಂಡರ್‌ಗೆ ಕೈಯಿಂದಲೇ ತಿರುಗಿಸಿ ಕೂರಿಸಿ, ಸ್ಪ್ಯಾನರ್ ಬೇಡ. ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಗಾಳಿ ಒಳಹೋಗುವ ಬಾಗಿಲಾದ ಥ್ರಾಟಲ್ ಮುಚ್ಚಿದ್ದರೆ ಒಳಗೆ ಸಾಕಷ್ಟು ಗಾಳಿ ಹೋಗುವುದಿಲ್ಲ, ಎಲ್ಲ ಸಿಲಿಂಡರೂ ಸತ್ತಂತೆ ಕಾಣುತ್ತವೆ. ಐದಾರು ಪಂಪ್, ಅಂದರೆ ಪಿಸ್ಟನ್ ಐದಾರು ಸಲ ಗಾಳಿ ಒತ್ತಿದರೆ, ಸಾಕು. ಪ್ರತಿ ಸಿಲಿಂಡರ್‌ಗೂ ಅಷ್ಟೇ ಇರಲಿ.

ಕೊನೆಯ ಅಂಕಿಯನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಮುಳ್ಳು ಏರುವ ಬಗೆಯನ್ನೂ ನೋಡಿ, ಅದು ಅಷ್ಟೇ ಮುಖ್ಯ. ಆರೋಗ್ಯವಂತ ಸಿಲಿಂಡರ್‌ನಲ್ಲಿ ಮೊದಲ ಪಂಪಿಗೇ ಮುಳ್ಳು ಅರ್ಧಕ್ಕಿಂತ ಮೇಲೆ ಚಿಮ್ಮಿ, ಮೂರು-ನಾಲ್ಕಕ್ಕೆ ನೆಲೆ ನಿಲ್ಲುತ್ತದೆ. ರಿಂಗ್ ಸವೆದಿದ್ದರೆ ಮೊದಲು ಕಡಿಮೆ, ಆಮೇಲೆ ಪ್ರತಿ ಪಂಪಿಗೂ ತುಸು ತುಸುವೇ ಏರುತ್ತದೆ. ವಾಲ್ವ್ ಸೋರುತ್ತಿದ್ದರೆ ಮೊದಲೂ ಕಡಿಮೆ, ಆಮೇಲೂ ಹೆಚ್ಚು ಏರುವುದಿಲ್ಲ.

ಸಾಮಾನ್ಯವಾಗಿ 125ರಿಂದ 180 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಬರಬೇಕು. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆದರೂ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ. 170, 165, 168, 110 ಬಂದರೆ ನಾಲ್ಕನೆಯದರಲ್ಲಿ ತೊಂದರೆ ಖಚಿತ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇ 75ಕ್ಕಿಂತ ಕೆಳಗಿದ್ದರೆ ಸುಮ್ಮನಿರುವಂತಿಲ್ಲ.

ಆ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ, ಅಂದರೆ 5 ಮಿಲಿ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಆಯಿಲ್ ರಿಂಗಿನ ಸಂದು ಮುಚ್ಚುತ್ತದೆ. 110 ಇದ್ದದ್ದು 150 ಆದರೆ ರಿಂಗ್ ಇಲ್ಲವೇ ಬೋರ್ ಸವೆದಿದೆ. ಕದಲದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಎಲ್ಲವೂ ಸಮನಾಗಿ ಕಡಿಮೆ ಇದ್ದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ ಟೈಮಿಂಗ್ ಬೆಲ್ಟ್ ಹಲ್ಲು ತಪ್ಪಿ ಜಾರಿದೆಯೇ ನೋಡಿ. ಡೀಸೆಲ್ ಎಂಜಿನ್‌ಗೆ ಮಾತ್ರ ಹೀಗೆ ಆಯಿಲ್ ಬಿಡಬೇಡಿ.

ಒಂದು ಎಚ್ಚರಿಕೆ: ಹೋಸಿನ ತುದಿಯಲ್ಲಿರುವ ಪುಟ್ಟ ವಾಲ್ವ್ ಪಿನ್ ಹಾಳಾದರೆ ಟೈರಿನ ಪಿನ್ ಹಾಕಬೇಡಿ. ನೋಡಲು ಎರಡೂ ಒಂದೇ ಥರ, ಆದರೆ ಗೇಜಿನದರ ಸ್ಪ್ರಿಂಗ್ ಮೆತ್ತಗಿರುತ್ತದೆ. ಟೈರಿನದು ಹಾಕಿದರೆ ಅಂಕಿ ಕಡಿಮೆ ಬರುತ್ತದೆ, ಒಳ್ಳೆಯ ಎಂಜಿನ್ ಸುಮ್ಮನೆ ಬಿಚ್ಚಿಸಿಕೊಳ್ಳುತ್ತದೆ.

ಪ್ಲಗ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಬಿಗಿ ಮಾಡಿ. ಕಾಯಿಲ್, ಫ್ಯೂಸ್ ಮರಳಿ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ಬಿಟ್ಟಿದ್ದರೆ ಸ್ವಲ್ಪ ಹೊತ್ತು ನೀಲಿ ಹೊಗೆ ಬರುತ್ತದೆ, ಗಾಬರಿ ಬೇಡ.