ಟ್ರೇಲರ್ ಎಳೆಯುವಾಗ ಪಿಕಪ್ ಬಿಸಿಯಾದರೆ ದೋಷವನ್ನು ಹುಡುಕುವುದು ಹೇಗೆ?

ಮಲ್ಪೆಯಿಂದ ಫೈಬರ್ ದೋಣಿಯ ಟ್ರೇಲರ್ ಕಟ್ಟಿಕೊಂಡು ಹೊರಟ ಪಿಕಪ್ ಹೆಬ್ರಿಯವರೆಗೆ ತಣ್ಣಗೆ ಓಡಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ನಾಲ್ಕೈದು ತಿರುವು ಏರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪುಗೆರೆ ಮುಟ್ಟಿದರೆ, ಮಾಲೀಕರು ಮೊದಲು ದೂರುವುದು ಭಾರವನ್ನು. ತಯಾರಕರು ಸೂಚಿಸಿದ ಮಿತಿಯೊಳಗೇ ಭಾರವಿದ್ದರೆ ಆ ದೂರು ನಿಲ್ಲುವುದಿಲ್ಲ. ಖಾಲಿ ಗಾಡಿಯಲ್ಲಿ ಅಡಗಿ ಕುಳಿತಿದ್ದ ದೋಷವೇ ಏರಿನಲ್ಲಿ ಹೊರಬಿದ್ದಿರುತ್ತದೆ.

ಗಾಡಿಯನ್ನು ಬದಿಗೆ ನಿಲ್ಲಿಸಿ ಎ.ಸಿ. ಆರಿಸಬೇಕು. ಆವಿ ಏಳುತ್ತಿದ್ದರೆ ಅಥವಾ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸೋರುತ್ತಿದ್ದರೆ ಎಂಜಿನ್ನನ್ನೂ ಕೂಡಲೇ ಆರಿಸಬೇಕು. ಆ ದ್ರವವನ್ನು ಗಾಳಿಗೊಡ್ಡಿ ತಣಿಸುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಮುಟ್ಟಬಾರದು, ಏಕೆಂದರೆ ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ದಾಟಿಯೂ ಕುದಿಯದೆ ಉಳಿದಿದ್ದು, ಮುಚ್ಚಳ ಸಡಿಲಿಸಿದ ಕ್ಷಣವೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಬಿಡಿಭಾಗಗಳಿಗೆ ದುಡ್ಡು ಸುರಿಯುವ ಮುನ್ನ, ಬಿಸಿಯಾದದ್ದು ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳಿ. ಘಾಟಿಯಲ್ಲಿ ನಿಧಾನವಾಗಿ ಏರುವಾಗ ಮಾತ್ರ ಬಿಸಿಯಾಗಿ, ಸಮತಟ್ಟಿನಲ್ಲಿ ವೇಗ ಹಿಡಿದೊಡನೆ ತಣ್ಣಗಾದರೆ ಗಾಳಿಯ ಕೊರತೆಯೆಂದು ತಿಳಿಯಬಹುದು. ಹೆದ್ದಾರಿ 66ರಲ್ಲಿ ಭಾರ ಎಳೆದು ವೇಗವಾಗಿ ಓಡುವಾಗಲೇ ಬಿಸಿಯಾದರೆ ಕೂಲೆಂಟ್ ಹರಿವಿನ ಮೇಲೆ, ಅಂದರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಕೂಲೆಂಟನ್ನು ಸುತ್ತಿಸುವ, ಈಗ ಸೊರಗಿದ ವಾಟರ್ ಪಂಪ್ ಮೇಲೆ ಸಂಶಯ ಪಡಬೇಕು.

ಗಾಳಿಯ ದೋಷಕ್ಕೆ ನಮ್ಮ ಕರಾವಳಿ ಹೇಳಿ ಮಾಡಿಸಿದ ಜಾಗ. ಟಾರ್ಚ್ ಹಿಡಿದು ರೇಡಿಯೇಟರಿನ ಮುಂದಿರುವ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಇಣುಕಿದರೆ, ಕೆಂಪು ಮಣ್ಣಿನ ಧೂಳು ಮತ್ತು ಹುಳುಗಳ ರೆಕ್ಕೆ ಸೇರಿ ಕಂಬಳಿಯಂತೆ ಅಂಟಿರುವುದು ಕಾಣಿಸುತ್ತದೆ. ಮುಂಬದಿ ಶುಭ್ರವಾಗಿದ್ದರೂ ಈ ಸಂದಿ ಕಟ್ಟಿರಬಹುದು. ಉಪ್ಪುಗಾಳಿಗೆ ಸವೆದ ರೇಡಿಯೇಟರಿನ ತೆಳು ಅಲ್ಯೂಮಿನಿಯಂ ಎಲೆಗಳು ಬೆರಳು ಸೋಕಿದರೆ ಪುಡಿಯಾಗುತ್ತವೆ, ಅಂತಹ ರೇಡಿಯೇಟರನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಎಲೆಗಳು ಗಟ್ಟಿಯಾಗಿದ್ದರೆ ಎಂಜಿನ್ ಕಡೆಯಿಂದ ಹೊರಕ್ಕೆ ಹಗುರ ಒತ್ತಡದ ನೀರಿನಲ್ಲಿ ತೊಳೆಯಬಹುದು. ವಿಸ್ಕಸ್ ಫ್ಯಾನ್ (ಬಿಸಿಯೇರಿದಂತೆ ಬಿಗಿ ಹಿಡಿಯುವ ದ್ರವದ ಕ್ಲಚ್ ಮೂಲಕ ಎಂಜಿನ್ ತಿರುಗಿಸುವ ಫ್ಯಾನ್) ಇದ್ದರೆ, ಬಿಸಿಯಾದ ಎಂಜಿನ್ ಆರಿಸಿದ ಬಳಿಕ ಅದನ್ನು ಕೈಯಿಂದ ತಿರುಗಿಸಿ ನೋಡಿ: ತಡೆಯೇ ಇಲ್ಲದೆ ಗಿರಗಿರನೆ ಸುತ್ತಿದರೆ ಅದರ ಕ್ಲಚ್ ಕೈಕೊಟ್ಟಿದೆ.

ಎಂಜಿನ್ ಪೂರ್ತಿ ತಣಿದ ಮೇಲೆ ಕೂಲೆಂಟ್ ಮಟ್ಟವನ್ನೂ ಬಣ್ಣವನ್ನೂ ನೋಡಬೇಕು. ತುಕ್ಕಿನ ಬಣ್ಣವಿದ್ದರೆ ಹಿಂದೆ ಯಾರೋ ಬಾವಿ ನೀರನ್ನೇ ತುಂಬಿರುವ ಸಾಧ್ಯತೆಯಿದೆ, ನಮ್ಮೂರಿನಲ್ಲಿ ಇದು ಅಪರೂಪವೇನಲ್ಲ. ಬಿಸಿಯೇರಿದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟ್ಯಾಟಿನ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಅದನ್ನು ಕಳಚಿ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗಿಬಿಟ್ಟು ಕಾಯಿಸಿದರೆ, ಅದರ ಮೇಲೆ ಕೆತ್ತಿದ 82 ಅಥವಾ 88ರಂತಹ ಡಿಗ್ರಿಯ ಸುಮಾರಿನಲ್ಲಿ ಬಾಯಿ ತೆರೆಯಲಾರಂಭಿಸಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದನ್ನು ಹಾಕಬೇಕು.

ಹೊರಗೆ ಸೋರದೆಯೇ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಅಥವಾ ಆಯಿಲ್ ಹಾಲಿನಂತೆ ಬೆಳ್ಳಗಾದರೆ ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ಕೂರಿಸಿದ ಹಾಳೆ) ಕೆಟ್ಟಿರುವ ಲಕ್ಷಣ. ಅಂತಹ ಗಾಡಿಯನ್ನು ಘಾಟಿ ಏರಿಸದೆ ಟ್ರೇಲರನ್ನು ಬಿಚ್ಚಿಟ್ಟು ನೇರವಾಗಿ ಗ್ಯಾರೇಜಿಗೆ ಎಳೆಸಬೇಕು.